ದಾರಿಕೆಮ್ಮು

ನಮ್ಮ ಮನೆಯ ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿದ್ದವು. ಬೀದಿಬಾಗಿಲು, ನಡುಮನೆಯ ಬಾಗಿಲು, ದೇವರಮನೆಯದು, ಅಡುಗೆಮನೆಯದು, ಕೊನೆಗೆ ಹಿತ್ತಲಿನದು. ಎಲ್ಲವೂ ತೆರೆದಿದ್ದರೆ ಬೀದಿಯಲ್ಲಿ ನಿಂತವರಿಗೆ ಆಚೆ ತುದಿಯಲ್ಲಿ, ಬೆಳಕಿನ ಒಂದು ಚೂರಿನೊಳಗೆ, ದಾಳಿಂಬೆ ಗಿಡ ಕಾಣುತ್ತಿತ್ತು. ಅಪ್ಪ ಕೆಲಸದಿಂದ ಬಂದವನು ಚಪ್ಪಲಿ ಬಿಡುವ ಮೊದಲು ಬೀದಿಯಲ್ಲೇ ನಿಂತು ಅದನ್ನು ನೋಡುತ್ತಿದ್ದ. ಹೂ ಬಿಟ್ಟಿದ್ದರೆ ಅಲ್ಲಿಂದಲೇ ಕೂಗಿ ಹೇಳುತ್ತಿದ್ದ. ಇದು ಮನೆಯಲ್ಲ, ಮಾಡು ಹೊದಿಸಿದ ಓಣಿ ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ಅಪ್ಪ ನಗುತ್ತಿದ್ದ. ಗಾಳಿ ಬರುತ್ತದಲ್ಲ, ಅಷ್ಟು ಸಾಕು ಎನ್ನುತ್ತಿದ್ದ.

ಅಪ್ಪ ಸತ್ತ ಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

ಅಮ್ಮ ಮೊದಲು ಪಡಸಾಲೆಯನ್ನು ಬಾಡಿಗೆಗೆ ಕೊಟ್ಟಳು. ಹೊಟ್ಟೆ ನಡೆಯಬೇಕಿತ್ತು, ಮುಂದೆ ನನ್ನ ಮದುವೆಯೂ ಆಗಬೇಕಿತ್ತು. ನಾವಿಬ್ಬರು ಟ್ರಂಕು, ಚಾಪೆಗಳನ್ನು ಹೊತ್ತು ನಡುಮನೆಗೆ ಸರಿದೆವು. ಆಮೇಲೆ ನಡುಮನೆಯನ್ನೂ ಕೊಟ್ಟಳು. ದೇವರಮನೆಗೆ ಸರಿದೆವು. ಅದಕ್ಕೂ ಜನ ಸಿಕ್ಕಿದಾಗ ದೇವರ ಪಟಗಳು ಬೇಳೆಡಬ್ಬಿಗಳ ಪಕ್ಕದ ಹಲಗೆಗೆ ಬಂದವು, ನಾವು ಒಲೆಯ ಪಕ್ಕಕ್ಕೆ ಬಂದೆವು. ಅದರ ಹಿಂದೆ ಬಾವಿ, ಬಚ್ಚಲು, ದಾಳಿಂಬೆ ಗಿಡ. ಸರಿಯಲು ಇನ್ನು ಜಾಗವಿರಲಿಲ್ಲ.

"ನಡುಮನೆ, ದೇವರಮನೆ, ಅಡುಗೆಮನೆ. ಒಂದೊಂದಕ್ಕೂ ಮನೆ ಅಂತಲೇ ಹೆಸರಿದೆ. ಒಂದೊಂದು ಸಂಸಾರ ಇದ್ದರೆ ತಪ್ಪೇನು?" ಎಂದು ಅಮ್ಮ ಕೇಳಿದವರಿಗೆಲ್ಲ ಹೇಳುತ್ತಿದ್ದಳು.

ಪಡಸಾಲೆಯಲ್ಲಿ ಎಣ್ಣೆಗಿರಣಿಯ ಗುಮಾಸ್ತ ಪಾಂಡುರಂಗ ಮತ್ತು ಅವನ ಹೊಸ ಹೆಂಡತಿ ನಾಗವೇಣಿ ಇದ್ದರು. ದೇವರಮನೆಯಲ್ಲಿ ಹಪ್ಪಳ ಮಾಡಿ ಮಾರುವ ಸಾಕಮ್ಮ. "ದೇವರು ಖಾಲಿ ಮಾಡಿದ ಮೇಲೆ ನನಗೆ ಸಿಕ್ತು. ಅವನಿಗೂ ಉಸಿರು ಕಟ್ಟಿರಬೇಕು, ಒಂದು ಕಿಟಕಿ ಇಲ್ಲ" ಎನ್ನುತ್ತಿದ್ದಳು. ನಡುಮನೆಯಲ್ಲಿ, ಎಲ್ಲರ ಮಧ್ಯದಲ್ಲಿ, ಸಂಜೀವಯ್ಯನವರು ಒಬ್ಬರೇ. ಒಂದು ಕಾಲದಲ್ಲಿ ಊರೂರು ತಿರುಗುವ ನಾಟಕದ ಕಂಪನಿಯಲ್ಲಿ ಪರದೆಯ ಹಿಂದೆ ಕೂತು, ಮಾತು ಮರೆತ ನಟರಿಗೆ ಮಾತು ಎತ್ತಿಕೊಡುತ್ತಿದ್ದವರು. ಕಂಪನಿ ಮುಚ್ಚಿತ್ತು, ಹೆಂಡತಿ ಮಕ್ಕಳು ಇರಲಿಲ್ಲ. ಒಂದು ಪೆಟ್ಟಿಗೆ, ಒಂದು ಕೆಂಪು ಅಂಗವಸ್ತ್ರ, ಪಿಸುದನಿಯಲ್ಲಿ ಮಾತಾಡುವ ಅಭ್ಯಾಸ ಉಳಿದಿತ್ತು.

ಮನೆ ಓಣಿಯಂತಿದ್ದುದರಿಂದ ಯಾರು ಎಲ್ಲಿಗೆ ಹೋಗಬೇಕಾದರೂ ಇನ್ನೊಬ್ಬರ ಸಂಸಾರವನ್ನು ಹಾದುಹೋಗಬೇಕಿತ್ತು. ಪಾಂಡುರಂಗ ಬಚ್ಚಲಿಗೆ ಹೋಗಬೇಕೆಂದರೆ ಮೂರು ಮನೆ ದಾಟಬೇಕು. ನಾನು ಬೀದಿಗೆ ಹೋಗಬೇಕೆಂದರೂ ಮೂರು ಮನೆ. ಒಬ್ಬರು ಚಿಲಕ ಹಾಕಿಕೊಂಡರೆ ಎಲ್ಲರ ದಾರಿಯೂ ಕಟ್ಟುತ್ತದೆಂದು ಅಮ್ಮ ಬೀದಿಬಾಗಿಲೊಂದನ್ನು ಬಿಟ್ಟು ಉಳಿದ ಬಾಗಿಲುಗಳ ಚಿಲಕಗಳನ್ನೆಲ್ಲ ಕೀಳಿಸಿದ್ದಳು. ಬಾಗಿಲುಗಳ ಮೇಲೆ ಮೊಳೆಯ ತೂತುಗಳು ಮಾತ್ರ ಇದ್ದವು. ಚಿಲಕದ ಬದಲು ಅಮ್ಮ ಒಂದು ಕಾನೂನು ಮಾಡಿದಳು. ಹೊಸಿಲ ಬಳಿ ನಿಂತು ಒಮ್ಮೆ ಕೆಮ್ಮಬೇಕು. ಕೆಮ್ಮು ಕೇಳಿದವರು ಬಟ್ಟೆ ಸರಿಮಾಡಿಕೊಂಡು ಗೋಡೆಗೆ ಮುಖ ತಿರುಗಿಸಬೇಕು. ಹಾದುಹೋಗುವವರು ನೆಲ ನೋಡುತ್ತ ಹಾದುಹೋಗಬೇಕು.

"ಯಾರೂ ನೋಡಲಿಲ್ಲ ಅಂದ್ರೆ ಯಾರೂ ಹೋಗಲಿಲ್ಲ ಅಂತ ಲೆಕ್ಕ" ಎಂದಳು ಅಮ್ಮ.

ಎಂಥ ಕಾನೂನಿಗೂ ಮನುಷ್ಯರು ಎಷ್ಟು ಬೇಗ ಒಗ್ಗಿಬಿಡುತ್ತಾರೆ! ನಾಗವೇಣಿಯ ಕೆಮ್ಮಿನ ಜೊತೆ ಬಳೆಯ ಸದ್ದು ಇರುತ್ತಿತ್ತು. ಪಾಂಡುರಂಗ ಭಾಷಣಕ್ಕೆ ನಿಂತವನಂತೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಸಾಕಮ್ಮನ ಕೆಮ್ಮಿನಲ್ಲಿ ಅರ್ಧ ಬೈಗುಳವಿತ್ತು. ಸ್ವಲ್ಪ ದಿನಗಳಲ್ಲೇ ಯೋಚನೆ ಮಾಡುವ ಮೊದಲೇ ನಮ್ಮ ಕುತ್ತಿಗೆಗಳು ತಿರುಗತೊಡಗಿದವು. ಕಾಫಿ ಕುಡಿಯುತ್ತಿದ್ದರೂ ಅಷ್ಟೇ, ಅಳುತ್ತಿದ್ದರೂ ಅಷ್ಟೇ. ನಾನು ಪೇಟೆಯಲ್ಲಿ ಯಾರೋ ಕೆಮ್ಮಿದ್ದಕ್ಕೆ ಅಂಗಡಿಯ ಗೋಡೆಯ ಕಡೆ ತಿರುಗಿ ನಿಂತಿದ್ದೆ. ಅಂಗಡಿಯವನು ಏನು ಕೊಡಲಮ್ಮಾ ಎಂದು ನನ್ನ ಬೆನ್ನನ್ನು ಕೇಳಿದ.

ಆ ಚಳಿಗಾಲದಲ್ಲಿ ಸಂಜೀವಯ್ಯನವರಿಗೆ ನಿಜವಾದ ಕೆಮ್ಮು ಶುರುವಾಯಿತು. ಅವರು ಕೆಮ್ಮುವರು, ಹಿಂದೆ ಮುಂದೆ ಇದ್ದವರೆಲ್ಲ ಗೋಡೆಗೆ ತಿರುಗುವರು, ಯಾರೂ ಬಾರರು. ತಿರುಗಿದವರು ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಮತ್ತೆ ಕೆಮ್ಮು.

"ಸಂಜೀವಯ್ಯನವರೇ, ನನ್ನ ಕುತ್ತಿಗೆ ಬಿದ್ದುಹೋಗುತ್ತೆ!" ಎಂದು ಸಾಕಮ್ಮ ಒಂದು ದಿನ ಕೂಗಿದಳು. "ಇದು ದಾರಿಕೆಮ್ಮೋ, ರೋಗದ ಕೆಮ್ಮೋ? ಮೊದಲು ಹೇಳಿ ಆಮೇಲೆ ಕೆಮ್ಮಿ."

"ಒಂದೇ ಸಲ ಆದ್ರೆ ದಾರೀದು ತಾಯಿ. ತುಂಬಾ ಸಲ ಆದ್ರೆ ನಂದು" ಎಂದರು ಅವರು. ಅಂದಿನಿಂದ ನಮ್ಮ ಮನೆಯಲ್ಲಿ ಕೆಮ್ಮಿನಲ್ಲಿ ಎರಡು ಜಾತಿಯಾಯಿತು.

ಆ ಹೊತ್ತಿಗೇ ನನಗೊಂದು ಸಂಬಂಧ ಬಂತು. ಹುಡುಗ ಪಕ್ಕದ ಊರಿನ ಶಾಲೆಯಲ್ಲಿ ಮೇಷ್ಟರು. ಸಂಬಂಧ ತಂದ ಹೆಂಗಸು ಒಲೆಯ ಮುಂದೆ ಕೂತು ಎಲ್ಲ ಹೇಳಿದಳು. ಅವರಿಗೆ ವರೋಪಚಾರದ ಆಸೆಯಿಲ್ಲ. ಹುಡುಗನ ತಾಯಿಯದು ಒಂದೇ ಪಟ್ಟು: ತುಂಬಿದ ಮನೆಯ ಹುಡುಗಿ ಬೇಕು. ಹಿರಿಯರು ಕಿರಿಯರು, ಅತ್ತಿಗೆ ಅಣ್ಣ ಅಂತ ನಾಲ್ಕು ಜನರ ಮಧ್ಯೆ ಬೆಳೆದ ಹುಡುಗಿಯಾದರೆ ಹೊಂದಿಕೊಂಡು ಹೋಗುತ್ತಾಳೆ.

"ನಮ್ಮದೂ ತುಂಬಿದ ಮನೆಯೇ" ಎಂದುಬಿಟ್ಟಳು ಅಮ್ಮ.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಅವರ ಮನೇಲಿ ಬಾಗಿಲಿಗೆ ಚಿಲಕ ಇದೆಯಾ?"

ಆ ಹೆಂಗಸು ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅವಸರ ನೋಡಿ ಹುಡುಗೀಗೆ! ಇದೆ ಕಣಮ್ಮಾ, ಹುಡುಗನಿಗೆ ಬೇರೆ ಕೋಣೆಯೇ ಇದೆ. ಒಳಗಡೆಯಿಂದ ಹಿತ್ತಾಳೆ ಚಿಲಕ."

ನನಗೆ ಹುಡುಗನ ಮುಖ ಹೇಗಿರಬಹುದೆಂದು ಕಲ್ಪಿಸಿಕೊಳ್ಳಲು ಆಗಲೇ ಇಲ್ಲ. ಆ ಚಿಲಕ ಮಾತ್ರ ಕಣ್ಣಿಗೆ ಕಟ್ಟಿದಂತಿತ್ತು. ಅದನ್ನು ಸರಿಸಿದಾಗ ಆಗುವ ಸದ್ದು, ಆಮೇಲಿನ ಮೌನ, ಯಾರಿಗೂ ಬೆನ್ನು ತೋರಿಸದೆ ಕೂದಲು ಬಿಚ್ಚಿ ಕೂರುವುದು. ಎರಡು ಗೋಡೆಗಳಾಚೆಯಿಂದ ಸಂಜೀವಯ್ಯನವರು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ನಮ್ಮ ಮನೆಯಲ್ಲಿ ಕಣ್ಣಿಗೆ ಕಾನೂನಿತ್ತು, ಕಿವಿಗೆ ಇರಲಿಲ್ಲ. ಮರುದಿನ ನಾನು ಅವರ ಕೋಣೆ ಹಾದು ಹೋಗುವಾಗ ಗೋಡೆಗೆ ಮುಖ ಮಾಡಿಕೊಂಡೇ ಅಂದರು: "ಚಿಲಕ ಇರೋ ಮನೆಗೆ ಹೋಗು ತಾಯಿ. ನಾನಿದ್ದೀನಲ್ಲ, ಮಾತು ಎತ್ತಿಕೊಡ್ತೀನಿ."

ಅಮ್ಮ ಬಾಡಿಗೆಯವರನ್ನೆಲ್ಲ ಸೇರಿಸಿ ವಿಷಯ ಹೇಳಿದಾಗ ಯಾರೂ ಬೇಡವೆನ್ನಲಿಲ್ಲ. ಒಂದು ಮಧ್ಯಾಹ್ನದ ಮಟ್ಟಿಗೆ ಸಂಸಾರವಾಗುವುದು ಅಷ್ಟೇನೂ ಕಷ್ಟವಲ್ಲ. ಸಂಜೀವಯ್ಯನವರಂತೂ ಹತ್ತು ವರ್ಷ ಚಿಕ್ಕವರಾದರು. ಪಾಂಡುರಂಗನನ್ನು ನಿಲ್ಲಿಸಿ ಪಾಠ ಶುರುಮಾಡಿದರು.

"ನೀವು ಹುಡುಗಿಯ ಅಣ್ಣ. ಇಷ್ಟೊಂದು ಹಲ್ಲು ಬಿಡಬಾರದು. ತಂಗಿ ಹೊರಟುಹೋಗ್ತಾಳೆ ಅಂತ ಒಳಗೊಳಗೇ ಸಂಕಟ ಇರಬೇಕು."

"ಬಾಡಿಗೆ ಕೊಡೋ ದಿನ ಇರುತ್ತಲ್ಲ, ಆ ಮುಖ ಮಾಡ್ಲಾ?"

"ಅದೇ. ಅದನ್ನೇ ಇಟ್ಕೊಳ್ಳಿ. ನಾಗವೇಣಮ್ಮ ಅತ್ತಿಗೆ, ತಿಂಡಿ ತಟ್ಟೆ ಅವರ ಕೈಲಿ. ಸಾಕಮ್ಮನವರು ಸೋದರತ್ತೆ."

"ಸೋದರತ್ತೆ ಏನು ಮಾಡ್ಬೇಕು?"

"ಏನೂ ಇಲ್ಲ. ಎಲ್ಲದಕ್ಕೂ ಮೂತಿ ಮುರೀತಾ ಇದ್ರೆ ಸಾಕು."

"ಅದಕ್ಕೆ ಪಾಠ ಬೇಡ ಬಿಡಿ, ಕಸುಬೇ ಅದು" ಎಂದಳು ಸಾಕಮ್ಮ.

ದೊಡ್ಡಪ್ಪನ ಪಾತ್ರವನ್ನು ಅವರು ತಮಗೇ ಇಟ್ಟುಕೊಂಡಿದ್ದರು. ಅಂಗವಸ್ತ್ರ ಒಗೆದು ದಾಳಿಂಬೆ ಗಿಡದ ಮೇಲೆ ಒಣಗಹಾಕಿದರು. ಅಷ್ಟು ವರ್ಷ ಪರದೆಯ ಹಿಂದೆ ಕೂತವರಿಗೆ ಮೊದಲ ಸಲ ಪರದೆಯ ಮುಂದೆ ಜಾಗ ಸಿಕ್ಕಿತ್ತು. ಆದರೆ ಗಂಡಿನವರು ಬರುವ ಹಿಂದಿನ ಸಂಜೆ ಅಮ್ಮ ನಡುಮನೆಯ ಹೊಸಿಲಲ್ಲಿ ಕೆಮ್ಮಿ, ಗೋಡೆಗೆ ತಿರುಗಿದ ಅವರ ಬೆನ್ನಿಗೆ ಹೇಳಿದಳು:

"ತಪ್ಪು ತಿಳ್ಕೋಬೇಡಿ. ನಿಮ್ಮ ಕೆಮ್ಮು ಕೇಳಿದ್ರೆ ಕ್ಷಯ ಅಂತಾರೆ. ವಂಶಕ್ಕೇ ಇದೆ ಅಂತಾರೆ. ನೀವು ಬಾಗಿಲ ಹಿಂದೆಯೇ ಇದ್ದುಬಿಡಿ, ಕೆಮ್ಮಬೇಡಿ."

"ಆಗಲಿ ತಾಯಿ" ಎಂದರು ಅವರು, ಗೋಡೆಯ ಕಡೆಯಿಂದಲೇ. "ಅದು ನನ್ನ ಜಾಗವೇ. ಅಷ್ಟು ವರ್ಷ ಕೂತಿದ್ದೀನಿ, ಆಟದ ಮಧ್ಯೆ ಒಂದು ದಿನ ಕೆಮ್ಮಿದವನಲ್ಲ."

ಗಂಡಿನವರು ಬಂದ ದಿನ ಎಲ್ಲ ಬಾಗಿಲುಗಳನ್ನೂ ತೆರೆದಿಟ್ಟಿದ್ದೆವು. ಹುಡುಗನ ತಾಯಿ ಬೀದಿಯಲ್ಲೇ ನಿಂತು ಒಳಗೆ ನೋಡಿದರು. ಅಪ್ಪ ನಿಲ್ಲುತ್ತಿದ್ದ ಜಾಗದಲ್ಲೇ. "ಇಲ್ಲಿಂದ ಹಿತ್ತಲಿನ ಗಿಡ ಕಾಣುತ್ತಲ್ಲ! ಮುಚ್ಚುಮರೆ ಇಲ್ಲದ ಮನೆ" ಎಂದು ಜೊತೆಗೆ ಬಂದ ತಮ್ಮನಿಗೆ ಹೇಳಿದರು. ಅಮ್ಮನ ಮುಖ ಅರಳಿತು.

ಎಲ್ಲ ಚೆನ್ನಾಗಿಯೇ ನಡೆಯಿತು. ನಾಗವೇಣಿ ಚಕ್ಕುಲಿ ತಂದಳು. ಸಾಕಮ್ಮ ಮೂತಿ ಮುರಿದಳು. ಹುಡುಗ ತಲೆ ಎತ್ತಲಿಲ್ಲ. ಅವನ ಕೈಗಳನ್ನು ನೋಡಿದೆ, ಉಗುರಿನಲ್ಲಿ ಸೀಮೆಸುಣ್ಣ ಇತ್ತು. ಹುಡುಗನ ಸೋದರಮಾವ ಪಾಂಡುರಂಗನನ್ನು ಕೇಳಿದರು: "ನಿಮ್ಮ ತಂದೆಯವರಿಗೆ ಏನಾಗಿತ್ತು?"

ಪಾಂಡುರಂಗ ನಮ್ಮಪ್ಪನನ್ನು ಕಂಡವನಲ್ಲ. ಅವನು ಬಾಡಿಗೆಯ ದಿನದ ಮುಖ ಮಾಡಿದ. ಆಗ ನಡುಮನೆಯ ಬಾಗಿಲ ಹಿಂದಿನಿಂದ, ಬಂದವರಿಗೆ ಕೇಳದಷ್ಟು, ನಮಗೆ ಕೇಳುವಷ್ಟು ಮೆಲ್ಲಗೆ ಒಂದು ಪಿಸುಮಾತು ಬಂತು: "ಊಟಕ್ಕೆ ಕೂತಿದ್ರು. ನೀರು ಕೇಳಿದ್ರು."

"ಊಟಕ್ಕೆ ಕೂತಿದ್ರು" ಎಂದ ಪಾಂಡುರಂಗ. "ನೀರು ಕೇಳಿದ್ರು."

"ತರೋವಷ್ಟರಲ್ಲಿ ಹೋಗಿಬಿಟ್ಟಿದ್ರು."

"ತರೋವಷ್ಟರಲ್ಲಿ..." ಪಾಂಡುರಂಗ ಮಾತನ್ನು ಅರ್ಧಕ್ಕೆ ಬಿಟ್ಟು ನಿಜವಾಗಿಯೂ ಮುಖ ತಗ್ಗಿಸಿದ. ಹುಡುಗನ ತಾಯಿ ಕಣ್ಣೊರೆಸಿಕೊಂಡರು. ನನಗೂ ಕಣ್ಣು ತುಂಬಿತು. ರಾತ್ರಿ ಒಲೆಯ ಪಕ್ಕದಲ್ಲಿ ನನ್ನೊಬ್ಬಳಿಗೆ ಬಿಟ್ಟರೆ ಅಮ್ಮ ಅದನ್ನು ಯಾರಿಗೂ ಹೇಳಿದವಳಲ್ಲ. ಗೋಡೆಗೆ ಮುಖ ಮಾಡಿ ಕೂತ ಮನುಷ್ಯ ನಮ್ಮ ಮನೆಯಲ್ಲಿ ಎಷ್ಟನ್ನು ಕೇಳಿಸಿಕೊಂಡಿದ್ದನೋ.

ಕಾಫಿ ಕೊಡಲು ನನಗೆ ಹೇಳಿದರು. ತಟ್ಟೆ ಹಿಡಿದು ಹುಡುಗನ ಮುಂದೆ ಬಾಗಿದೆ. ಅವನು ಲೋಟಕ್ಕೆ ಕೈ ಚಾಚಿದ. ಆಗ ಬಾಗಿಲ ಹಿಂದೆ, ಎಷ್ಟೋ ಹೊತ್ತಿನಿಂದ ಅದುಮಿಟ್ಟಿದ್ದದ್ದು ಕೈತಪ್ಪಿ, ಕೆಮ್ಮು ಬಂತು.

ಒಂದೇ ಒಂದು ಸಲ.

ಪಾಂಡುರಂಗ ಗೋಡೆಗೆ ತಿರುಗಿದ. ನಾಗವೇಣಿ ಸೆರಗು ಎಳೆದುಕೊಂಡು ತಿರುಗಿದಳು. ಸಾಕಮ್ಮ ಚಕ್ಕುಲಿ ಹಿಡಿದ ಕೈ ಹಾಗೇ ಇಟ್ಟುಕೊಂಡು ತಿರುಗಿದಳು. ಅಮ್ಮ ತಿರುಗಿದಳು. ನಾನು ಕಾಫಿಯ ತಟ್ಟೆಯ ಸಮೇತ ತಿರುಗಿ, ಸುಣ್ಣ ಉದುರಿದ ಗೋಡೆಯ ಮುಂದೆ ನೆಲ ನೋಡುತ್ತ ನಿಂತೆ. ಕೋಣೆಯಲ್ಲಿ ಬಂದ ಮೂವರಿಗೆ ಮುಖಗಳಿದ್ದವು, ನಮಗೆಲ್ಲ ಬೆನ್ನುಗಳಿದ್ದವು. ಯಾರೂ ಹಾದುಹೋಗಲಿಲ್ಲ.

"ಇದೇನ್ರೀ ಇದು?" ಎಂದರು ಹುಡುಗನ ತಾಯಿ.

ಸೋದರಮಾವ ಎದ್ದು ಹೋಗಿ ನಡುಮನೆಯ ಬಾಗಿಲನ್ನು ಸರಿಸಿದರು. ಸಂಜೀವಯ್ಯನವರು ಪೆಟ್ಟಿಗೆಯ ಮೇಲೆ ಕೂತು, ಒಗೆದ ಅಂಗವಸ್ತ್ರವನ್ನು ಬಾಯಿಗೆ ತುರುಕಿಕೊಂಡಿದ್ದರು. ಕಣ್ಣುಗಳಿಂದ ನೀರು ಇಳಿಯುತ್ತಿತ್ತು.

"ಇವರು ಯಾರು?"

ಅಮ್ಮನಿಗೆ ಮಾತು ಎತ್ತಿಕೊಡುವವರು ಇರಲಿಲ್ಲ. "ಬಾಡಿಗೆಯವರು" ಎಂದಳು.

"ಮತ್ತೆ ಇವರೆಲ್ಲ?"

"ನಾವೂ ಅವರೇ" ಎಂದಳು ಸಾಕಮ್ಮ, ಗೋಡೆಯಿಂದ ತಿರುಗಿ, ಚಕ್ಕುಲಿ ತಟ್ಟೆಗೆ ಹಾಕುತ್ತ.

ಹುಡುಗನ ತಾಯಿ ಸೆರಗು ಹೊದ್ದು ಎದ್ದರು. ಹೊಸಿಲಲ್ಲಿ ನಿಂತು ಒಂದೇ ಮಾತು ಹೇಳಿದರು: "ತುಂಬಿದ ಮನೆ ಅಂದಿದ್ರು. ತುಂಬಿಸಿದ ಮನೆ ಅಂತ ಹೇಳಬೇಕಿತ್ತು." ಹುಡುಗ ಚಪ್ಪಲಿ ಮೆಟ್ಟುವಾಗ ಒಮ್ಮೆ ನನ್ನ ಕಡೆ ನೋಡಿದ. ಆ ಹೊತ್ತಿಗೆ ಅವನ ಮುಖ ನನಗೆ ಬೇಕಾಗಿರಲಿಲ್ಲ.

ಅಮ್ಮ ಬಾಗಿಲುಗಳನ್ನೆಲ್ಲ ಮತ್ತೆ ಮುಚ್ಚಿದಳು. ನಡುಮನೆಯ ಹೊಸಿಲಲ್ಲಿ, ಕೆಮ್ಮದೆಯೇ, ನಿಂತು ಹೇಳಿದಳು: "ಕೆಮ್ಮಬೇಡಿ ಅಂದಿದ್ದೆನಲ್ಲ."

ಅವರು ಆ ಮಾತನ್ನು ಅಕ್ಷರಶಃ ತೆಗೆದುಕೊಂಡರು. ಅಂದಿನಿಂದ ನಡುಮನೆಯಿಂದ ಕೆಮ್ಮು ಕೇಳಲಿಲ್ಲ, ರೋಗದ್ದೂ ಇಲ್ಲ, ದಾರಿಯದ್ದೂ ಇಲ್ಲ. ಬಟ್ಟೆಯೊಳಗೆ ಏನೋ ಹೂತುಹೋಗುವ ಸದ್ದು ಮಾತ್ರ ಗೋಡೆಗೆ ಕಿವಿಗೊಟ್ಟರೆ ಕೇಳುತ್ತಿತ್ತು. ಹೀಗೇ ಒಂದು ಬೆಳಿಗ್ಗೆ, ಉಸಿರಿಗೆ ಗಾಳಿ ಬೇಕೆನಿಸಿ ಜಗಲಿಗೆ ಹೊರಟವರು, ಕೆಮ್ಮದೆ ಪಡಸಾಲೆಯ ಬಾಗಿಲು ತಳ್ಳಿದರು. ನಾಗವೇಣಿ ಸೀರೆ ಉಡುತ್ತಿದ್ದಳು. ಅವಳ ಕಿರುಚು ಬೀದಿಯ ಕೊನೆಯವರೆಗೂ ಹೋಯಿತು.

"ಕೆಮ್ಮೋದಕ್ಕೆ ಏನು ರೋಗ ಇವರಿಗೆ?" ಎಂದು ಪಾಂಡುರಂಗ ಅಬ್ಬರಿಸಿದ.

"ರೋಗ ಇತ್ತು, ಕೆಮ್ತಿದ್ರು. ಬೇಡ ಅಂದ್ರಲ್ಲ" ಎಂದಳು ಸಾಕಮ್ಮ ಒಳಗಿನಿಂದ. ಅವಳ ಮಾತಿಗೆ ಯಾರೂ ನಗಲಿಲ್ಲ.

ಅವನಿರಬೇಕು ಇಲ್ಲವೇ ನಾವಿರಬೇಕು ಎಂದ ಪಾಂಡುರಂಗ. ಪಡಸಾಲೆಗೆ ನಡುಮನೆಗಿಂತ ಬಾಡಿಗೆ ಹೆಚ್ಚು. ಅಮ್ಮ ಸಂಜೀವಯ್ಯನವರಿಗೆ ಖಾಲಿ ಮಾಡಿ ಎಂದಳು. ಅವರು ಎದ್ದು ನಿಂತು ಕೈಮುಗಿದರು. ಆ ವಯಸ್ಸಿನವರು ಕೈಮುಗಿಯುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ.

"ಎಲ್ಲಿಗೆ ಹೋಗಲಿ ತಾಯಿ? ಇನ್ನು ಮೇಲೆ ತಪ್ಪಿಲ್ಲ. ಹೊಸಿಲಿಗೆ ಒಂದು ಕೆಮ್ಮು, ದಾರಿಗೆ ಮಾತ್ರ. ಅದರ ಮೇಲೆ ಒಂದು ಕೇಳಿದ್ರೆ ಆಚೆ ಹಾಕಿ."

ಅಮ್ಮ ಒಪ್ಪಿದಳು. ಅವರು ಮಾತಿಗೆ ತಪ್ಪಲಿಲ್ಲ. ನಟರು ಮಾತು ಮರೆತರೂ ತಾವು ಮರೆಯದವರು. ದಿನಕ್ಕೆ ಒಂದೆರಡು ಬಾರಿ, ಅಳೆದಂಥ ಒಂದೇ ಕೆಮ್ಮು ಬರುತ್ತಿತ್ತು. ನಾವು ತಿರುಗುತ್ತಿದ್ದೆವು, ಅವರು ಹಾದುಹೋಗುತ್ತಿದ್ದರು. ಅವರ ಪಾದಗಳು ಊದಿಕೊಂಡಿದ್ದವು. ಅವರ ಕೋಣೆ ದಾಟುವಾಗ ನೆಲ ನೋಡುವುದೇ ಕಾನೂನಾದ್ದರಿಂದ ನಾವು ಅಷ್ಟನ್ನು ನೋಡಿದ್ದೆವು.

ಮಾಗಿ ಮುಗಿಯುತ್ತಿದ್ದ ಒಂದು ಬೆಳಿಗ್ಗೆ ನಡುಮನೆಯಲ್ಲಿ ಆ ಕೆಮ್ಮು ಕೇಳಿಸಿತು. ಒಂದೇ ಸಲ. ಪಡಸಾಲೆಯ ದಂಪತಿಗಳು ಗೋಡೆಗೆ ತಿರುಗಿದರು. ದೇವರಮನೆಯಲ್ಲಿ ಸಾಕಮ್ಮ ಹಪ್ಪಳದ ಹಿಟ್ಟು ಬಿಟ್ಟು ತಿರುಗಿದಳು. ಅಡುಗೆಮನೆಯಲ್ಲಿ ಅಮ್ಮ, ನಾನು ಮಸಿ ಹಿಡಿದ ಗೋಡೆಗೆ ತಿರುಗಿದೆವು. ಒಲೆಯ ಮೇಲೆ ಹಾಲು ಉಕ್ಕಿ ಬೆಂಕಿಗೆ ಬಿದ್ದು ಚುರ್ ಎಂದಿತು. ಅಮ್ಮ ತಿರುಗಿ ನೋಡಲಿಲ್ಲ. ಯಾರೂ ಬರಲಿಲ್ಲ. ಮುಂದಿದ್ದವರು ಅವರು ಹಿಂದಕ್ಕೆ ಹೋದರೆಂದುಕೊಂಡರು. ಹಿಂದಿದ್ದ ನಾವು ಮುಂದಕ್ಕೆ ಹೋದರೆಂದುಕೊಂಡೆವು. ನಡುವಿನಲ್ಲಿ ವಾಸಿಸುವವರ ಕಷ್ಟ ಅದು.

ಆಮೇಲೆ ದಿನ ಎಂದಿನಂತೆ ನಡೆಯಿತು. ಪಾಂಡುರಂಗ ಕೆಮ್ಮಿ ಬಚ್ಚಲಿಗೆ ಹೋಗಿಬಂದ. ನಾಗವೇಣಿ ಕೆಮ್ಮಿ ಬಾವಿಯಿಂದ ನೀರು ಹೊತ್ತಳು. ಅಮ್ಮ ಕೆಮ್ಮಿ ಪೇಟೆಗೆ ಹೋಗಿ ಬಂದಳು. ಹಾದುಹೋದ ಎಲ್ಲರ ಕಣ್ಣಂಚಿಗೂ ಅವರು ಕಂಡರು, ಮೂಲೆಯಲ್ಲಿ ಪೆಟ್ಟಿಗೆಗೆ ಒರಗಿ, ಗೋಡೆಗೆ ಮುಖ ಮಾಡಿ ಕೂತಿದ್ದರು. ಕಾನೂನು ಅಷ್ಟು ಚೆನ್ನಾಗಿ ಪಾಲಿಸುವವರು ನಮ್ಮಲ್ಲಿ ಬೇರೆ ಯಾರೂ ಇರಲಿಲ್ಲ. ಅಮ್ಮನಂತೂ ಪೇಟೆಯಿಂದ ಬಂದವಳು, "ನೋಡು, ಈಗ ದಾರಿಗೆ ಬಂದ್ರು" ಎಂದು ನನಗೆ ಹೇಳಿದಳು.

ಮಧ್ಯಾಹ್ನ ಸಾಕಮ್ಮ ಹಪ್ಪಳಗಳನ್ನು ಜಗಲಿಯ ಬಿಸಿಲಿಗೆ ಹಾಕಲು ಮೊರ ಹೊತ್ತು ಹೋದಳು. ಬರುವಾಗ ನಡುಮನೆಯ ಮಧ್ಯದಲ್ಲಿ ನಿಂತಳು. ಅವಳ ದನಿ ನಮ್ಮಲ್ಲಿಗೆ ಕೇಳಿಸಿತು.

"ನಾನು ದಾಟಿಯಾಯ್ತು ಸಂಜೀವಯ್ಯನವರೇ. ಸಾಕು, ತಿರುಗಿ."

ಸ್ವಲ್ಪ ಹೊತ್ತಾದ ಮೇಲೆ, "ತಿರುಗಿ ಅಂದ್ನಲ್ಲ, ಅಯ್ಯೋ."

ಮೊರ ಬಿದ್ದ ಸದ್ದಾಯಿತು.

ಅವರಿಗಾಗಿ ಬರುವವರು ಯಾರೂ ಇರಲಿಲ್ಲ. ಪಾಂಡುರಂಗ ಗಿರಣಿಯಿಂದ ಮೂವರನ್ನು ಕರೆತಂದು ತಾನೂ ಹೆಗಲು ಕೊಟ್ಟ. ಅವನ ಮುಖದಲ್ಲಿ ಆ ದಿನ, ಯಾರೂ ಕಲಿಸದಿದ್ದರೂ, ಅಣ್ಣ ತಮ್ಮಂದಿರ ಮುಖದಂಥದ್ದು ಏನೋ ಇತ್ತು. ಕೆಂಪು ಅಂಗವಸ್ತ್ರವನ್ನು ಮೇಲೆ ಹೊದಿಸಿದರು. ಅವರು ಬೀದಿಯ ತಿರುವು ದಾಟುವಷ್ಟರಲ್ಲಿ ಅಮ್ಮ ಸೆರಗು ಸಿಕ್ಕಿಸಿಕೊಂಡು, ಮನೆ ತೊಳೆಯಬೇಕು ಎಂದಳು. ನಡುಮನೆಗೆ ಸುಣ್ಣ ಹೊಡೆಸಬೇಕು, ಹುಣ್ಣಿಮೆಯ ಹೊತ್ತಿಗೆ ಯಾರಾದರೂ ಸಿಕ್ಕಾರು ಎಂದೂ ಹೇಳಿದಳು. ನಾವು ಚಾಪೆ, ಪಾತ್ರೆ, ಪೆಟ್ಟಿಗೆಗಳನ್ನೆಲ್ಲ ಬೀದಿಗೆ ತಂದಿಟ್ಟೆವು. ಎಲ್ಲರೂ ಬೀದಿಯಲ್ಲಿ ನಿಂತೆವು. ಅಮ್ಮ ಒಬ್ಬಳೇ ಹಿತ್ತಲ ಬಾವಿಯಿಂದ ನೀರು ತಂದು ಸುರಿದು, ಹಿಂದಿನಿಂದ ಮುಂದಕ್ಕೆ ಪೊರಕೆಯಿಂದ ತಳ್ಳುತ್ತ ಬಂದಳು.

ಬಾಗಿಲುಗಳೆಲ್ಲ ತೆರೆದಿದ್ದವು. ಕೋಣೆಗಳಲ್ಲಿ ಒಂದು ಸಾಮಾನೂ ಇರಲಿಲ್ಲ. ನಾನು ಅಪ್ಪ ನಿಲ್ಲುತ್ತಿದ್ದ ಜಾಗದಲ್ಲಿ ನಿಂತಿದ್ದೆ. ಒದ್ದೆ ನೆಲ ಹೊಳೆಯುತ್ತಿತ್ತು. ಅದರ ಆ ತುದಿಯಲ್ಲಿ ದಾಳಿಂಬೆ ಹೂ ಬಿಟ್ಟಿತ್ತು. ಕೂಗಿ ಹೇಳಲು ಯಾರೂ ಇರಲಿಲ್ಲ.

ಅಮ್ಮ ಅಡುಗೆಮನೆ ಮುಗಿಸಿದಳು. ದೇವರಮನೆ ಮುಗಿಸಿದಳು. ನಡುಮನೆಯ ಹೊಸಿಲಿಗೆ ಬಂದು ಪೊರಕೆ ಹಿಡಿದುಕೊಂಡು ನಿಂತಳು. ಗಿಡ ಅವಳ ಹಿಂದೆ ಮರೆಯಾಯಿತು. ಆ ಬರಿದಾದ ಕೋಣೆಯ ಎದುರು ತಲೆ ತಗ್ಗಿಸಿ ಒಮ್ಮೆ ಕೆಮ್ಮಿದಳು. ಮತ್ತೆ, ಒಳಗಿದ್ದವರು ತಿರುಗಿಕೊಳ್ಳಲಿ ಎಂಬಂತೆ, ಕಾಯುತ್ತ ನಿಂತಳು.